ಆ ಮೂವತ್ತು ಶಿಲ್ಲಿಂಗ್ ಯಾರ ಕೈಗೆ?

ವಿಕ್ಟೋರಿಯಾ ರಾಣಿ ಒಂಬತ್ತು ಮಕ್ಕಳ ತಾಯಿ. 1853ರಲ್ಲಿ ಎಂಟನೇ ಹೆರಿಗೆಯಾಗುವಾಗ ನೋವು ತಿಳಿಯದಿರಲಿ ಎಂದು ಜಾನ್ ಸ್ನೋ ಎಂಬ ಡಾಕ್ಟರು ಆಕೆಗೆ ಕ್ಲೋರೋಫಾರ್ಮ್ ಕೊಟ್ಟರು. ಇದನ್ನು ಚರಿತ್ರೆ ಮರೆಯದೆ ಬರೆದುಕೊಂಡಿದೆ.

ಅದೇ ರಾಣಿಯ ರಾಜ್ಯದಲ್ಲಿ, ಲ್ಯಾಂಕಶೈರ್ ಸೀಮೆಯಲ್ಲಿ, ಬೆಟ್ಟಿ ವಾರ್ಡಲ್ ಎಂಬ ಇನ್ನೊಬ್ಬ ತಾಯಿ ಇದ್ದಳು. ಆರನೇ ವಯಸ್ಸಿಗೇ ಕಲ್ಲಿದ್ದಲ ಗಣಿಗೆ ಇಳಿದವಳು. ನಾಲ್ಕು ಹೆತ್ತಳು. ಬಸುರಿಯಾಗಿದ್ದಾಗಲೂ ಗಣಿಯಲ್ಲಿ ದುಡಿದೆಯಾ ಎಂದು ಸರ್ಕಾರದ ವಿಚಾರಣೆಯವರು ಕೇಳಿದರು. ದುಡಿಯದೆ ಇನ್ನೇನು ಎಂಬಂತೆ ಉತ್ತರ ಕೊಟ್ಟಳು. ಒಂದು ಮಗು ಗಣಿಯ ಒಳಗೇ ಹುಟ್ಟಿತು, ಅದನ್ನು ಲಂಗದಲ್ಲಿ ಇಟ್ಟುಕೊಂಡು ಗಣಿಬಾವಿಯಿಂದ ಮೇಲಕ್ಕೆ ತಂದೆ ಎಂದಳು.

ಇಬ್ಬರೂ ವಿಕ್ಟೋರಿಯಾ ಕಾಲದ ತಾಯಂದಿರೇ. ಒಬ್ಬಳ ಹೆಸರನ್ನು ಕಾಲಕ್ಕೇ ಇಟ್ಟರು. ಇನ್ನೊಬ್ಬಳ ಹೆಸರು ಒಂದು ಸರ್ಕಾರಿ ವರದಿಯ ಕೆಲವು ಸಾಲುಗಳಲ್ಲಿ ಉಳಿದುಕೊಂಡಿದೆ, ಅಷ್ಟೆ.

ಆ ಕಾಲದ ಇಂಗ್ಲೆಂಡ್ ಅಂದ್ರೆ ಶಾಲೆಯ ಪುಸ್ತಕದಲ್ಲಿ ಏನಿರುತ್ತೆ? ಉಗಿಬಂಡಿ, ಗಿರಣಿ, ಹಡಗು, ಸೂರ್ಯ ಮುಳುಗದ ಸಾಮ್ರಾಜ್ಯ. ಆ ಗಿರಣಿಗೆ ಆಳುಗಳನ್ನು ಹೆತ್ತುಕೊಟ್ಟವರು ಯಾರು? ಕತ್ತಲಿರುವಾಗಲೇ ಎದ್ದು ಆ ಆಳಿಗೆ ಕೂಳು ಬೇಯಿಸಿದವರು ಯಾರು? ಶನಿವಾರ ಬಟವಾಡೆಯಾದಾಗ ದುಡ್ಡು ಯಾರ ಕೈಗೆ ಹೋಯಿತು? ಈ ಕೊನೆಯ ಪ್ರಶ್ನೆ ಬಹಳ ಸಣ್ಣದು ಅನ್ನಿಸುತ್ತೆ. ಆದರೆ ದುಡಿಯುವ ವರ್ಗದ ಹೆಂಡತಿಯ ಚರಿತ್ರೆ ಅರ್ಧಕ್ಕರ್ಧ ಆ ಪ್ರಶ್ನೆಯೊಳಗೇ ಅಡಗಿಕೊಂಡಿದೆ.

ಗಣಿಯಿಂದಲೇ ಶುರು ಮಾಡೋಣ. ಗಣಿ ಮತ್ತು ಕಾರ್ಖಾನೆಗಳಲ್ಲಿ ಮಕ್ಕಳ ದುಡಿಮೆಯನ್ನು ವಿಚಾರಿಸಲು 1840ರಲ್ಲಿ ಒಂದು ಆಯೋಗ ನೇಮಕವಾಯಿತು. ಗಣಿಗಳ ಬಗ್ಗೆ ಅದರ ವರದಿ 1842ರಲ್ಲಿ ಹೊರಬಂತು. ಅದರಲ್ಲಿ ಲಿಟಲ್ ಬೋಲ್ಟನ್ನಿನ ಬೆಟ್ಟಿ ಹ್ಯಾರಿಸ್ ಎಂಬ 37 ವರ್ಷದ ಹೆಂಗಸಿನ ಹೇಳಿಕೆಯಿದೆ. ಎರಡು ಮಕ್ಕಳ ತಾಯಿ. ಓದು ಬರಹ ಬಾರದು. ಮದುವೆಯಾದ ಮೇಲೆ ಗಣಿಗೆ ಇಳಿದವಳು. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಕೆಲಸ. ಸೊಂಟಕ್ಕೊಂದು ಪಟ್ಟಿ, ಎರಡು ಕಾಲುಗಳ ನಡುವೆ ಹಾದುಹೋಗುವ ಸರಪಳಿ, ಆ ಸರಪಳಿಗೆ ಕಲ್ಲಿದ್ದಲಿನ ಗಾಡಿ. ಅಂಬೆಗಾಲಿಟ್ಟು ಅದನ್ನು ಎಳೆಯಬೇಕು. ತೊಟ್ಟ ಮರದ ಜೋಡು ಮುಳುಗುವಷ್ಟು ನೀರು ಯಾವಾಗಲೂ ಇರುತ್ತೆ, ಕೆಲವು ಸಲ ತೊಡೆಯವರೆಗೂ ಬರುತ್ತೆ. ಮೈಮೇಲಿನ ಬಟ್ಟೆ ದಿನವಿಡೀ ಒದ್ದೆ. ಮಧ್ಯಾಹ್ನ ಬೆಣ್ಣೆ ಸವರಿದ ರೊಟ್ಟಿ, ಕುಡಿಯಲು ಏನೂ ಇಲ್ಲ. ಮಕ್ಕಳನ್ನು ಸಂಬಂಧಿಯೊಬ್ಬಳು ನೋಡಿಕೊಳ್ಳುತ್ತಾಳೆ. ರಾತ್ರಿ ಮನೆಗೆ ಬಂದರೆ ಮೈ ತೊಳೆದುಕೊಳ್ಳುವ ಮೊದಲೇ ನಿದ್ದೆ. ಬಸುರಿಯಾಗಿದ್ದಾಗ ಆ ಪಟ್ಟಿ ಸರಪಳಿಯ ಕಾಟ ಇನ್ನೂ ಹೆಚ್ಚು. ಇವಳು ತಡಮಾಡಿದಳೆಂದು ಗಂಡ ಹೊಡೆದದ್ದೂ ಉಂಟು.

ಗಂಡ ಯಾಕೆ ಹೊಡೆಯುತ್ತಿದ್ದ? ಕುಡುಕ, ಕಟುಕ ಎಂದು ಬಯ್ದು ಮುಂದೆ ಹೋಗುವುದು ಸುಲಭ. ಲೆಕ್ಕ ನೋಡಿ. ಕಡಿದ ಕಲ್ಲಿದ್ದಲಿನ ತೂಕದ ಮೇಲೆ ಕೂಲಿ. ಕಡಿಯುವವನು ಗಂಡಸು, ಕೂಲಿಯೂ ಅವನ ಹೆಸರಿಗೆ. ಕಡಿದದ್ದನ್ನು ಎಳೆದು ಸಾಗಿಸುವ ಆಳನ್ನು ಎಷ್ಟೋ ಕಡೆ ಅವನೇ ಹುಡುಕಿಕೊಳ್ಳಬೇಕು. ಹೊರಗಿನವರನ್ನು ಇಟ್ಟುಕೊಂಡರೆ ಅವರಿಗೆ ಕೂಲಿ ತೆರಬೇಕು. ಹೆಂಡತಿಗಾದರೆ ಯಾಕೆ ಕೊಡಬೇಕು? ಹೀಗೆ ಗಣಿಯ ಮಾಲೀಕ ಒಂದು ಕೂಲಿಯಲ್ಲಿ ಎರಡು ಮೈ ಪಡೆದ. ಎರಡನೇ ಮೈಯನ್ನು ಓಡಿಸುವ ಕೆಲಸ ಗಂಡನ ಪಾಲಿಗೆ ಬಂತು. ಮಾಲೀಕನ ಚಾವಟಿ ಮನೆಯೊಳಕ್ಕೇ ಬಂದು ಕೂತಿದ್ದು ಹೀಗೆ.

ವರದಿಯ ಚಿತ್ರಗಳನ್ನು ನೋಡಿ ಮಾನವಂತರು ಬೆಚ್ಚಿಬಿದ್ದರು. ಹಸಿವಿಗಿಂತ ಅರೆಬತ್ತಲೆಯ ಹೆಣ್ಣು ಅವರ ಕಣ್ಣಿಗೆ ಹೆಚ್ಚಾಗಿ ಚುಚ್ಚಿತು. ಅದೇ ವರ್ಷ ಕಾನೂನು ಬಂತು. ಹೆಂಗಸರಾಗಲಿ, ಹತ್ತು ವರ್ಷದೊಳಗಿನ ಹುಡುಗರಾಗಲಿ ನೆಲದಡಿಯ ಕೆಲಸಕ್ಕೆ ಹೋಗಬಾರದು. ಒಳ್ಳೆಯದೇ. ಯಾರೂ ಆ ಸರಪಳಿ ಮತ್ತೆ ಬರಲಿ ಅನ್ನುವುದಿಲ್ಲ. ಆದರೆ ಗಣಿಯಿಂದ ಮೇಲೆ ಬಂದ ಹೆಂಗಸು ನಾಳೆ ಏನು ತಿನ್ನಬೇಕು? ಅದಕ್ಕೆ ಆ ಕಾನೂನಿನಲ್ಲಿ ಒಂದು ಪದವೂ ಇರಲಿಲ್ಲ. ಬದಲಿ ಕೆಲಸವಿಲ್ಲ, ಪರಿಹಾರವಿಲ್ಲ. ಹಲವರು ಕದ್ದು ಮತ್ತೆ ಒಳಗೆ ಇಳಿದರು. ವಿಗನ್ ಸುತ್ತಮುತ್ತ ಸಾವಿರಾರು ಹೆಂಗಸರು ಗಣಿಬಾಯಿಯ ಮೇಲೆ ನಿಂತು ಕಲ್ಲಿದ್ದಲು ಆರಿಸುವ ಕೆಲಸ ಹಿಡಿದರು. 1880ರ ದಶಕದಲ್ಲಿ ಅದನ್ನೂ ಕಿತ್ತುಕೊಳ್ಳುವ ಮಾತು ಬಂದಾಗ ಆ ಹೆಂಗಸರು ಸುಮ್ಮನೆ ಕೂರಲಿಲ್ಲ. 1887ರಲ್ಲಿ ಲಂಡನ್ನಿಗೆ ನಿಯೋಗ ಹೋಗಿ ಗೃಹಮಂತ್ರಿಯ ಎದುರು ನಿಂತರು. ಕೆಲಸ ಉಳಿಯಿತು. ನಮ್ಮನ್ನು ಕಾಪಾಡುವ ಮೊದಲು ನಮ್ಮನ್ನೊಂದು ಮಾತು ಕೇಳಿ ಎಂಬುದೇ ಅವರು ಅಲ್ಲಿಗೆ ಹೋದದ್ದರ ಅರ್ಥ.

1842ರ ಕಾನೂನಿನಲ್ಲಿ ಇನ್ನೊಂದು ಮಾತಿತ್ತು. ಗಣಿಯವರ ಬಟವಾಡೆಯನ್ನು ಪಡಖಾನೆಯಲ್ಲಿ ಮಾಡಬಾರದು. ಹಾಗಾದರೆ ಅಲ್ಲಿಯತನಕ ಎಲ್ಲಿ ಮಾಡುತ್ತಿದ್ದರು ಎಂದು ಇದರಿಂದಲೇ ತಿಳಿಯುತ್ತೆ. ಕೂಲಿ ಕೈಗೆ ಬರುವ ಜಾಗವೇ ಹೆಂಡದಂಗಡಿ. ಒಳಗೆ ಗಂಡ ತನ್ನ ಸರದಿ ಕಾಯುತ್ತಾ ಕುಡಿಯುತ್ತಾನೆ, ಹೊರಗೆ ಹೆಂಡತಿ ಮಗುವನ್ನು ಎತ್ತಿಕೊಂಡು ನಿಂತಿದ್ದಾಳೆ. ಮಿಕ್ಕ ಕೈಗೆಲಸದ ಕೂಲಿಗಾರರಿಗೆಲ್ಲ ಈ ನಿಷೇಧ ಬರಲು 1883ರವರೆಗೂ ಕಾಯಬೇಕಾಯಿತು.

ಸರಿ, ಅವಳೇ ಗಿರಣಿಯಲ್ಲಿ ದುಡಿದು ತನ್ನ ಹೆಸರಿಗೇ ಕೂಲಿ ತಂದಳು ಅನ್ನಿ. ಆಗಲಾದರೂ ಅದು ಅವಳದೇ? ಅಲ್ಲ. ಇಂಗ್ಲೆಂಡಿನ ಕಾನೂನಿನ ಪ್ರಕಾರ ಮದುವೆಯಾದ ಕೂಡಲೇ ಹೆಂಡತಿ ಗಂಡನೊಳಗೆ ಸೇರಿಹೋಗುತ್ತಿದ್ದಳು. ಕೋರ್ಟಿನ ಕಣ್ಣಿಗೆ ಗಂಡ ಹೆಂಡತಿ ಒಬ್ಬರೇ, ಆ ಒಬ್ಬ ಗಂಡ. ಅವಳ ದುಡಿಮೆಯ ಕಾಸೂ ಅವನದೇ. ಬಿಟ್ಟುಹೋದ ಗಂಡ ಒಂದು ದಿನ ಬಂದು ಅವಳು ಕೂಡಿಟ್ಟದ್ದನ್ನು ಎತ್ತಿಕೊಂಡು ಹೋದರೂ ಅದು ಕಳ್ಳತನವಾಗುತ್ತಿರಲಿಲ್ಲ. ಹೆಂಡತಿಯ ಕೂಲಿ ಹೆಂಡತಿಗೆ ಎಂದು ಕಾನೂನು ಒಪ್ಪಿಕೊಂಡದ್ದು 1870ರಲ್ಲಿ. ಆಸ್ತಿಯೂ ಅವಳದೇ ಆಗಿ ಉಳಿಯಬಹುದು ಎಂದದ್ದು 1882ರಲ್ಲಿ. ಹೊಡೆದು ಶಿಕ್ಷೆಗೆ ಒಳಗಾದ ಗಂಡನಿಂದ ಬೇರೆಯಾಗಿ ಜೀವನಾಂಶ ಪಡೆಯಲು ಮ್ಯಾಜಿಸ್ಟ್ರೇಟರ ಬಳಿ ದಾರಿ ಸಿಕ್ಕಿದ್ದು 1878ರಲ್ಲಿ. ಆ ಹೊತ್ತಿಗೆ ರಾಣಿ ನಮ್ಮ ದೇಶಕ್ಕೂ ಚಕ್ರವರ್ತಿನಿಯಾಗಿದ್ದಳು!

ಈಗ ಮನೆಯೊಳಗೆ ಬನ್ನಿ. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ರಾಣಿಯ ಆಳ್ವಿಕೆಯ ಕೊನೆಯಲ್ಲಿ, 1899ರಲ್ಲಿ, ಸೀಬೋಮ್ ರೌಂಟ್ರಿ ಎಂಬಾತ ಯಾರ್ಕ್ ಪಟ್ಟಣದಲ್ಲಿ ದುಡಿಯುವವರ ಮನೆಮನೆಯ ಲೆಕ್ಕ ತೆಗೆಸಿದ. ಇವನೇನು ಕ್ರಾಂತಿಕಾರಿಯಲ್ಲ, ಚಾಕೊಲೇಟ್ ಕಾರ್ಖಾನೆಯ ಮಾಲೀಕರ ಮಗ. ಗಂಡ, ಹೆಂಡತಿ, ಮೂರು ಮಕ್ಕಳ ಸಂಸಾರ ಬರೀ ಜೀವ ಹಿಡಿದುಕೊಂಡಿರಲು ವಾರಕ್ಕೆ 21 ಶಿಲ್ಲಿಂಗ್ 8 ಪೆನ್ನಿ ಬೇಕು ಎಂದು ಲೆಕ್ಕ ಹಾಕಿದ. ಬೀಡಿ ಬೆಂಕಿಪೊಟ್ಟಣ ಇಲ್ಲ, ಹಬ್ಬ ಹರಿದಿನ ಇಲ್ಲ, ಮಗುವಿಗೊಂದು ಬೊಂಬೆ ಇಲ್ಲ, ಅಷ್ಟು ಬಿಗಿಯಾದ ಲೆಕ್ಕ. ಕಸುಬು ಕಲಿಯದ ಕೂಲಿಯಾಳಿಗೆ ಆ ಊರಲ್ಲಿ ಸಿಗುತ್ತಿದ್ದದ್ದು 18ರಿಂದ 21 ಶಿಲ್ಲಿಂಗ್. ಕಮ್ಮಿಬಿದ್ದದ್ದನ್ನು ಯಾರು ತುಂಬಿಕೊಡುತ್ತಿದ್ದರು? ಮಾಲೀಕನೇ? ಸರ್ಕಾರವೇ?

ಹೆಂಡತಿ ತುಂಬುತ್ತಿದ್ದಳು. ತನ್ನ ಹೊಟ್ಟೆಯಿಂದ.

ಇದು ಬರೀ ಭಾಷಣದ ಮಾತಲ್ಲ. 1863ರಲ್ಲಿ ಎಡ್ವರ್ಡ್ ಸ್ಮಿತ್ ಎಂಬ ಡಾಕ್ಟರು ಸರ್ಕಾರದ ಪರವಾಗಿ ಬಡವರು ತಿನ್ನುವ ಅನ್ನವನ್ನೇ ಅಳೆದು ನೋಡಿದರು. ಹಳ್ಳಿಯ ಕೂಲಿಗಾರರು, ಹೊಲಿಗೆಯ ಹೆಂಗಸರು, ರೇಷ್ಮೆ ನೇಯುವವರು, ಚಪ್ಪಲಿ ಹೊಲಿಯುವವರು ಎಲ್ಲರ ಮನೆಯಲ್ಲಿ ಯಾರ ತಟ್ಟೆಗೆ ಎಷ್ಟು ಬೀಳುತ್ತೆ ಎಂದು ವಿಚಾರಿಸಿದರು. ಇದ್ದ ಚೂರು ಮಾಂಸ ಗಂಡನ ಪಾಲು. ಅವನು ದುಡಿಯಲು ಹೋಗಬೇಕಲ್ಲ? ಮಕ್ಕಳಿಗೆ ರೊಟ್ಟಿ, ಆಲೂಗೆಡ್ಡೆ, ಕಾಕಂಬಿ. ತಾಯಿಗೆ ರೊಟ್ಟಿ, ಚಹಾ. ಬಸುರಿ, ಬಾಣಂತಿ, ಹಾಲೂಡಿಸುವವಳು ಮನೆಯಲ್ಲಿ ಎಲ್ಲರಿಗಿಂತ ಕಮ್ಮಿ ತಿಂದಳು. ಈ ವರದಿಯನ್ನು ಮಾರ್ಕ್ಸ್ ತನ್ನ 'ಬಂಡವಾಳ'ದಲ್ಲಿ ಬಳಸಿಕೊಂಡಿದ್ದಾನೆ. ರೌಂಟ್ರಿ ಕಂಡದ್ದೂ ಇದನ್ನೇ. ಹೆರುವ ವರ್ಷಗಳಲ್ಲಿ ಬಹುಪಾಲು ಈ ಹೆಂಗಸರು ಬಡತನದಲ್ಲೇ, ಅರೆಹೊಟ್ಟೆಯಲ್ಲೇ ಇರುತ್ತಾರೆ ಎಂದು ಬರೆದ. ಯಾಕೆಂದರೆ ಮಕ್ಕಳು ಚಿಕ್ಕವರಿದ್ದಾಗಲೇ ತಿನ್ನುವ ಬಾಯಿ ಹೆಚ್ಚು, ದುಡಿಯುವ ಕೈ ಕಮ್ಮಿ.

ಇದನ್ನು ತಾಯಿಯ ತ್ಯಾಗ ಎಂದು ಹಾಡಿ ಹೊಗಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ನಾವು ಅದನ್ನು ಬೇರೆ ಹೆಸರಿನಿಂದ ಕರೆಯಬೇಕು. ಮಾಲೀಕ ಕೊಡದೆ ಉಳಿಸಿಕೊಂಡ ಕೂಲಿ ಅದು. ಅದು ಅವಳ ಮೈಯಿಂದ ವಸೂಲಾಯಿತು.

ಅವಳ ವಾರ ಹೇಗಿತ್ತು? ಸೋಮವಾರ ಒಗೆತ. ನಲ್ಲಿ ಇರುವುದು ಬೀದಿಗೆ ಒಂದೋ, ವಠಾರಕ್ಕೆ ಒಂದೋ. ಅದೂ ದಿನಕ್ಕೆ ಕೆಲವೇ ಹೊತ್ತು ಬರುತ್ತೆ. ನೀರು ಹೊತ್ತು ತಂದು, ಕಾಯಿಸಿ, ಮರದ ತೊಟ್ಟಿಯಲ್ಲಿ ಬಟ್ಟೆ ಕುಕ್ಕಿ, ಹಿಂಡಿ, ಮಳೆಗಾಲದಲ್ಲಿ ಮಲಗುವ ಕೋಣೆಯಲ್ಲೇ ಒಣಗಿಸಬೇಕು. ಅದೇ ಸೋಮವಾರ ಗಂಡನ ಭಾನುವಾರದ ಕೋಟನ್ನು ಗಿರವಿ ಅಂಗಡಿಗೆ ಒಯ್ದು ಕಾಸು ತರಬೇಕು. ಶನಿವಾರ ಬಟವಾಡೆಯಾದ ಮೇಲೆ ಬಡ್ಡಿ ಕೊಟ್ಟು ಬಿಡಿಸಿಕೊಳ್ಳಬೇಕು. ಒಂದೇ ಕೋಟು ವರ್ಷಪೂರ್ತಿ ಗಿರವಿಗೂ ಮನೆಗೂ ಓಡಾಡುತ್ತಿತ್ತು. ಬಾಡಿಗೆ, ಕಲ್ಲಿದ್ದಲು, ಅಂಗಡಿ ಸಾಲ, ಎಲ್ಲದರ ಜೊತೆಗೆ ವಾರಕ್ಕೊಂದು ಪೆನ್ನಿ ಹೆಣದ ಖರ್ಚಿನ ವಿಮೆಗೆ. ಬದುಕಿರುವ ಮಗುವಿನ ಹೆಸರಲ್ಲಿ ಅದರ ಮಣ್ಣಿಗೆಂದು ಕಾಸು ಕಟ್ಟುವುದು! ಕಟ್ಟದಿದ್ದರೆ ಸರ್ಕಾರಿ ಖರ್ಚಿನಲ್ಲಿ ಅನಾಥ ಹೆಣದ ಹಾಗೆ ಗುಂಡಿಗೆ ಹಾಕುತ್ತಾರೆ. ಆ ಅವಮಾನಕ್ಕಿಂತ ಹಸಿವೇ ವಾಸಿ ಎಂದು ಅವಳು ಎಣಿಸಿದಳು.

ಆ ಭಯ ಸುಳ್ಳೇನಲ್ಲ. 1860ರ ದಶಕದಲ್ಲಿ ಮದುವೆಯಾದವಳು ಸರಾಸರಿ ಆರು ಮಕ್ಕಳನ್ನು ಹೆತ್ತಳು. ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 150 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಗಿರಣಿ ಊರುಗಳಲ್ಲಿ ಇನ್ನೂ ಹೆಚ್ಚು. ರಾಣಿಯ ಅರವತ್ತು ಚಿಲ್ಲರೆ ವರ್ಷದ ಆಳ್ವಿಕೆಯಲ್ಲಿ ರೈಲು ಬಂತು, ತಂತಿ ಬಂತು, ವಿದ್ಯುತ್ ದೀಪ ಬಂತು. ಈ ಅಂಕಿ ಮಾತ್ರ ಹೆಚ್ಚು ಅಲ್ಲಾಡಲಿಲ್ಲ. ಗಿರಣಿಗೆ ಹೋಗುವ ತಾಯಿ ಕೂಸನ್ನು ಯಾವುದೋ ಮುದುಕಿಯ ಬಳಿ ಬಿಟ್ಟುಹೋಗುತ್ತಿದ್ದಳು. ಅಳದಿರಲಿ ಎಂದು 'ಗಾಡ್‌ಫ್ರೀಸ್ ಕಾರ್ಡಿಯಲ್' ಎಂಬ ಔಷಧಿ ನೆಕ್ಕಿಸುತ್ತಿದ್ದರು. ಕಾಕಂಬಿಯಲ್ಲಿ ಕಲಸಿದ ಅಫೀಮು ಅದು. ಕೂಸುಗಳು ಅಳು ನಿಲ್ಲಿಸಿದವು, ಹಸಿವನ್ನೂ ಮರೆತವು, ಸೊರಗಿ ಸತ್ತವು. ದೊಡ್ಡವರು ಬರೆದ ಲೇಖನಗಳಲ್ಲಿ ತಪ್ಪು ಯಾರದು? ತಾಯಿಯದು. ಮನೆ ಬಿಟ್ಟು ಗಿರಣಿಗೆ ಹೋದಳಲ್ಲ! ಹೆತ್ತ ಮೇಲೆ ನಾಲ್ಕು ವಾರ ಹೆಂಗಸನ್ನು ಕೆಲಸಕ್ಕೆ ಕರೆಯಬಾರದೆಂದು 1891ರಲ್ಲಿ ಕಾನೂನಾಯಿತು. ಆ ನಾಲ್ಕು ವಾರದ ಕೂಲಿ? ಇಲ್ಲ. ಮತ್ತದೇ ಕತೆ. ಕೆಲಸ ಬೇಡ ಎಂದರು, ಅನ್ನಕ್ಕೆ ದಾರಿ ಹೇಳಲಿಲ್ಲ.

ಮನೆಯಲ್ಲೇ ಕೂತು ದುಡಿದವರ ಪಾಡೇನು? ಲಂಡನ್ನಿನ ಪೂರ್ವದ ಕೇರಿಗಳಲ್ಲಿ ತಾಯಂದಿರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಬೆಂಕಿಪೊಟ್ಟಣ ಮಡಚುತ್ತಿದ್ದರು. 144 ಪೊಟ್ಟಣಕ್ಕೆ ಎರಡೂಕಾಲು ಪೆನ್ನಿಯ ಸುಮಾರು. ಅಂಟು ತನ್ನದೇ, ಕಟ್ಟುವ ದಾರ ತನ್ನದೇ. 1888ರ ಜುಲೈಯಲ್ಲಿ ಅದೇ ಪೂರ್ವ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯಿಂದ ಸುಮಾರು 1400 ಹೆಂಗಸರೂ ಹುಡುಗಿಯರೂ ಕೆಲಸ ಬಿಟ್ಟು ಬೀದಿಗೆ ಬಂದರು. ದಂಡದ ಹೆಸರಲ್ಲಿ ಕೂಲಿ ಹಿಡಿಯುವುದು ನಿಲ್ಲಬೇಕು ಎಂದರು, ಗೆದ್ದರು, ಸಂಘ ಕಟ್ಟಿದರು. ಅವರ ಪರವಾಗಿ ಪತ್ರಿಕೆಯಲ್ಲಿ ಬರೆದವಳು ಆನಿ ಬೆಸೆಂಟ್. ಮುಂದೆ ಅದೇ ಬೆಸೆಂಟ್ ನಮ್ಮ ದೇಶಕ್ಕೆ ಬಂದು 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾದಳು. ಆದರೆ ಮುಷ್ಕರ ಹೂಡಿದವರು ಆ ಹುಡುಗಿಯರೇ, ಬೆಸೆಂಟ್ ಅಲ್ಲ. ಇದನ್ನು ಮರೆಯಬಾರದು.

ನಮ್ಮ ನೆಲಕ್ಕೂ ಆ ಹೆಂಗಸರಿಗೂ ಇನ್ನೊಂದು ನೇರ ನಂಟಿದೆ. ಅದು ಹತ್ತಿಯ ನಂಟು. ಲ್ಯಾಂಕಶೈರಿನಲ್ಲಿ ಮದುವೆಯಾದ ಹೆಂಗಸರೂ ಮಗ್ಗದ ಮುಂದೆ ನಿಲ್ಲುತ್ತಿದ್ದರು. ತುಂಡಿನ ಲೆಕ್ಕದಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ದರ ಇದ್ದ ಅಪರೂಪದ ಕಸುಬು ಅದು. ಆ ಗಿರಣಿಗಳಿಗೆ ಹತ್ತಿ ಬರುತ್ತಿದ್ದದ್ದು ಅಮೆರಿಕದ ಕರಿಯ ಗುಲಾಮರ ಬೆವರಿನಿಂದ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿ ಹಡಗು ನಿಂತವು, ಗಿರಣಿ ಮುಚ್ಚಿದವು. 1862ರ ಚಳಿಗಾಲಕ್ಕೆ ಐದು ಲಕ್ಷದಷ್ಟು ಜನ ಗಂಜಿ ಕೇಂದ್ರದ ಪಾಲಾದರು. ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಈ ಕಡೆ ತಿರುಗಿತು. ಧಾರವಾಡದ ಎರೆಭೂಮಿಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ತಂದು ಬೆಳೆಸುತ್ತಿದ್ದ 'ಧಾರವಾಡ-ಅಮೆರಿಕನ್' ಹತ್ತಿಗೆ ಚಿನ್ನದ ಬೆಲೆ ಬಂತು. ಅದನ್ನು ಸಾಗಿಸಲು ಕಾರವಾರವನ್ನು ಬಂದರು ಮಾಡಬೇಕೆಂದು ಒತ್ತಾಯ ಎದ್ದಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು.

ಹಿಂದೂಸ್ಥಾನದಿಂದ ಹೋದ ಹತ್ತಿಗೆ ಆ ಗಿರಣಿಗಳಲ್ಲಿ 'ಸೂರತ್' ಎಂಬ ಹೆಸರು. ಎಳೆ ಗಿಡ್ಡ, ಕಸ ಜಾಸ್ತಿ, ಮಗ್ಗದ ಮೇಲೆ ಮಾತೆತ್ತಿದರೆ ಹರಿಯುತ್ತಿತ್ತು. ತುಂಡಿನ ಕೂಲಿಯಾದ್ದರಿಂದ ನೂಲು ಹರಿದಷ್ಟೂ ಕೂಲಿ ಇಳಿಯಿತು. ಅಲ್ಲಿನ ಹೆಂಗಸು ಸೂರತ್ತಿಗೆ ಹಿಡಿಶಾಪ ಹಾಕಿದಳು. ಇಲ್ಲಿ ಹೊಲದಲ್ಲಿ ಬಗ್ಗಿ ಹತ್ತಿ ಬಿಡಿಸಿದವಳ ಮುಖ ಅವಳು ಕಂಡಿರಲಿಲ್ಲ. ಇವಳಿಗೂ ಅವಳ ಸುದ್ದಿ ಗೊತ್ತಿರಲಿಲ್ಲ. ನಡುವೆ ನಿಂತು ತಕ್ಕಡಿ ಹಿಡಿದವನಿಗೆ ಮಾತ್ರ ಇಬ್ಬರೂ ಗೊತ್ತಿದ್ದರು. 1865ರಲ್ಲಿ ಯುದ್ಧ ಮುಗಿದದ್ದೇ ಇಲ್ಲಿ ಹತ್ತಿಯ ಬೆಲೆ ನೆಲಕಚ್ಚಿತು.

ಆ ಬರದ ಕಾಲದಲ್ಲಿ ಲ್ಯಾಂಕಶೈರಿನ ಪರಿಹಾರ ಸಮಿತಿಗಳು ಹೆಂಗಸರಿಗೆ ಹೊಲಿಗೆ ಶಾಲೆ ತೆರೆದವು. ಬಂದು ಹೊಲಿದರೆ ಒಂದಿಷ್ಟು ಕಾಸು. ಸ್ಟೇಲಿಬ್ರಿಜ್ ಎಂಬ ಊರಲ್ಲಿ 1863ರ ಮಾರ್ಚಿಯಲ್ಲಿ ಸಮಿತಿಯ ದೊಡ್ಡ ಮನುಷ್ಯರು ಪರಿಹಾರವನ್ನು ಕಮ್ಮಿ ಮಾಡಿ, ಕಾಸಿನ ಬದಲು ಚೀಟಿ ಕೊಡುತ್ತೇವೆ ಎಂದರು. ಚೀಟಿ ತೋರಿಸಿ ಅಂಗಡಿಯಲ್ಲಿ ಸಾಮಾನು ತರಬೇಕು. ಬಡವರ ಕೈಗೆ ಕಾಸು ಕೊಟ್ಟರೆ ಕೆಡಿಸುತ್ತಾರಂತೆ! ಊರಿಗೆ ಊರೇ ದಂಗೆ ಎದ್ದಿತು. ಅಂಗಡಿ ಒಡೆದರು, ಕಲ್ಲು ತೂರಿದರು, ಕುದುರೆ ಸೈನ್ಯ ಬಂತು. ಹೊಟ್ಟೆಯ ಪ್ರಶ್ನೆಯ ಜೊತೆಗೇ ಅಲ್ಲಿ ಮರ್ಯಾದೆಯ ಪ್ರಶ್ನೆಯೂ ಇತ್ತು. ನನ್ನ ಮನೆಗೆ ಏನು ಬೇಕೆಂದು ನನಗೆ ಗೊತ್ತು, ಕಾಸು ನನ್ನ ಕೈಗೆ ಕೊಡಿ. ಆ ಕಲ್ಲುಗಳು ಹೇಳಿದ್ದು ಇಷ್ಟೇ.

ಈ ಮಾತನ್ನು ಕಲ್ಲಿನ ಬದಲು ಕಾಗದದಲ್ಲಿ ಹೇಳುವ ಕಾಲವೂ ಬಂತು. 1883ರಲ್ಲಿ ಸಹಕಾರ ಸಂಘಗಳ ಹೆಂಗಸರು ಸೇರಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಮಹಿಳಾ ಸಹಕಾರ ಗಿಲ್ಡ್ ಎಂದು ಅದರ ಹೆಸರು. ಬುಟ್ಟಿ ಹಿಡಿದು ಸಂಘದ ಅಂಗಡಿಗೆ ಸಾಮಾನಿಗೆ ಬರುತ್ತಿದ್ದ ಕೂಲಿಕಾರರ ಹೆಂಡತಿಯರೇ ಅದರ ಸದಸ್ಯರು. ಅಡುಗೆಮನೆಯಿಂದ ಎದ್ದು ಬಂದು ಸಭೆಯಲ್ಲಿ ಕೂರುವುದು, ಲೆಕ್ಕ ಬರೆಯುವುದು, ನಾಲ್ಕು ಜನರೆದುರು ಮಾತಾಡುವುದು ಅಲ್ಲಿ ಕಲಿತರು. 1889ರಿಂದ ಮಾರ್ಗರೆಟ್ ಲೆವೆಲಿನ್ ಡೇವಿಸ್ ಅದರ ಕಾರ್ಯದರ್ಶಿ. ಆಕೆ ಓದಿದ ಮನೆತನದವಳು. ಆದರೆ ಸದಸ್ಯೆಯರ ಪರವಾಗಿ ತಾನೇ ಮಾತಾಡುವ ಬದಲು, ನೀವೇ ಬರೆಯಿರಿ ಎಂದಳು.

1911ರಲ್ಲಿ ಸರ್ಕಾರ ವಿಮೆಯ ಕಾನೂನು ತಂದಿತು. ವಿಮೆ ಕಟ್ಟಿದ ಕೂಲಿಗಾರನ ಹೆಂಡತಿ ಹೆತ್ತರೆ 30 ಶಿಲ್ಲಿಂಗ್ ಬಾಣಂತಿ ಭತ್ಯೆ. ದೊಡ್ಡ ಗೆಲುವು. ಆದರೆ ಆ 30 ಶಿಲ್ಲಿಂಗ್ ಹೋಗುತ್ತಿದ್ದದ್ದು ಗಂಡನ ಲೆಕ್ಕಕ್ಕೆ! ಹೆತ್ತವಳು ಒಬ್ಬಳು, ದುಡ್ಡಿನ ವಾರಸುದಾರ ಇನ್ನೊಬ್ಬ. ಗಿಲ್ಡಿನ ಹೆಂಗಸರು ಎದ್ದುನಿಂತರು. ಕಾಗದ ಬರೆದರು, ಸಹಿ ಸಂಗ್ರಹಿಸಿದರು, ಪಾರ್ಲಿಮೆಂಟಿನ ಸದಸ್ಯರ ಬೆನ್ನು ಬಿದ್ದರು. ಅವರಿಗೆ ಆಗ ಓಟು ಕೂಡ ಇರಲಿಲ್ಲ. 1913ರಲ್ಲಿ ಕಾನೂನು ತಿದ್ದುಪಡಿಯಾಯಿತು. ಬಾಣಂತಿ ಭತ್ಯೆ ತಾಯಿಯ ಸ್ವಂತ ಆಸ್ತಿ.

ಎರಡು ವರ್ಷದ ಮೇಲೆ, 1915ರಲ್ಲಿ, ಸದಸ್ಯೆಯರು ತಮ್ಮ ಬಸುರಿ ಬಾಣಂತನದ ಬಗ್ಗೆ ಬರೆದ ಪತ್ರಗಳಲ್ಲಿ 160ನ್ನು ಆರಿಸಿ ಗಿಲ್ಡ್ ಪುಸ್ತಕ ಮಾಡಿತು. ಬರೆದವರಲ್ಲಿ ಹಲವರು ರಾಣಿಯ ಕಾಲದಲ್ಲೇ ಹೆತ್ತವರು. ಪತ್ರಕ್ಕೆ ಹೆಸರಿಲ್ಲ. ಹೆಸರಿನ ಬದಲು ಒಂದು ಲೆಕ್ಕವಿದೆ. ಗಂಡನ ಕೂಲಿ ವಾರಕ್ಕೆ ಇಷ್ಟು ಶಿಲ್ಲಿಂಗ್, ಮಕ್ಕಳು ಇಷ್ಟು, ಸತ್ತು ಹುಟ್ಟಿದ್ದು ಇಷ್ಟು, ಗರ್ಭ ಇಳಿದದ್ದು ಇಷ್ಟು. ಹೆರಿಗೆಗೆ ಕಾಸು ಕೂಡಿಡಲು ಒಂಬತ್ತು ತಿಂಗಳು ತಾವು ಉಪವಾಸ ಬಿದ್ದದ್ದನ್ನು, ಹೆತ್ತ ಮೂರನೇ ದಿನಕ್ಕೇ ಎದ್ದು ಒಗೆಯಲು ನಿಂತದ್ದನ್ನು ಅವರು ನಾಚಿಕೆ ಬಿಟ್ಟು ಬರೆದರು. ಮೊದಲು ನಾಚಿಕೆ ಪಟ್ಟಿದ್ದರು. ಇದು ಹೆಣ್ಣಿನ ಹಣೆಬರಹ, ಹೊರಗೆ ಹೇಳಬಾರದು ಎಂದು ತಿಳಿದಿದ್ದರು. ಒಬ್ಬೊಬ್ಬಳ ಹಣೆಬರಹವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಅದು ಹಣೆಬರಹವಲ್ಲ, ಕೂಲಿಯ ಲೆಕ್ಕ ಎಂದು ಗೊತ್ತಾಯಿತು.

1842ರ ವರದಿಗಾಗಿ ಬೆಟ್ಟಿ ಹ್ಯಾರಿಸಳನ್ನು ಸರ್ಕಾರ ಕೇಳಿತು, ಅವಳು ಹೇಳಿದಳು, ಬರೆದುಕೊಂಡವರು ಬೇರೆಯವರು. ಕಾನೂನು ಮಾಡಿದವರೂ ಬೇರೆಯವರೇ. ಆದ್ದರಿಂದ ಅವಳ ಸರಪಳಿ ಹೋಯಿತು, ಕೂಲಿಯೂ ಹೋಯಿತು. 1913ರಲ್ಲಿ ಅವಳ ಮೊಮ್ಮಕ್ಕಳ ತಲೆಮಾರಿನವರು ತಾವೇ ಬರೆದರು, ತಾವೇ ಕೇಳಿದರು. ದುಡ್ಡು ಕೈಗೆ ಬಂತು. ಬರೀ 30 ಶಿಲ್ಲಿಂಗ್. ಅಷ್ಟರಿಂದ ಬಡತನ ಹೋಗಲಿಲ್ಲ, ಮಾಲೀಕನ ಗಿರಣಿ ನಿಲ್ಲಲಿಲ್ಲ. ಆದರೆ ಆ ದಿನದಿಂದ ಹೆತ್ತವಳು ಅದನ್ನು ಯಾರ ಅಪ್ಪಣೆಯೂ ಇಲ್ಲದೆ ಬಿಚ್ಚಿ ಎಣಿಸಬಹುದಿತ್ತು. ಮೊದಲು ತನಗೊಂದು ಲೋಟ ಹಾಲು ತರಿಸಿಕೊಳ್ಳಬಹುದಿತ್ತು.